ರೈಲು ಚಾಲಕರು (ಕರ್ನಾಟಕ): ವೃತ್ತಿಜೀವನ ಮತ್ತು ಸಂಘಟನೆ

ರೈಲು ಚಾಲಕರು ಅಥವಾ ಲೋಕೋ ಪೈಲಟ್‌ಗಳು ಭಾರತೀಯ ರೈಲ್ವೆಯಲ್ಲಿ ಎಂಜಿನ್ ನಡೆಸುವ ಸಿಬ್ಬಂದಿ. ಇವರು, ಇವರ ಸಹಾಯಕರು ಹಾಗೂ ಗಾರ್ಡ್‌ಗಳು ಸೇರಿ 'ರನ್ನಿಂಗ್ ಸಿಬ್ಬಂದಿ' ಎನಿಸಿಕೊಳ್ಳುತ್ತಾರೆ. ಕರ್ನಾಟಕದ ಹೆಚ್ಚಿನ ರೈಲು ಮಾರ್ಗಗಳು ನೈಋತ್ಯ ರೈಲ್ವೆ ವಲಯಕ್ಕೆ ಸೇರಿವೆ. 2003ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿದ ಈ ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಬೆಂಗಳೂರು, ಮೈಸೂರು ಮತ್ತು ಹುಬ್ಬಳ್ಳಿ ಇದರ ವಿಭಾಗಗಳು. ಚಾಲಕರ ಸಂಘಟನೆಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಎತ್ತುತ್ತ ಬಂದಿರುವ ಮುಖ್ಯ ಪ್ರಶ್ನೆ ಸಂಬಳಕ್ಕಿಂತ ಹೆಚ್ಚಾಗಿ ಸಮಯಕ್ಕೆ ಸಂಬಂಧಿಸಿದ್ದು: ಕೆಲಸದ ಗಡಿಯಾರ ಎಲ್ಲಿಂದ ಶುರುವಾಗಬೇಕು, ವಿಶ್ರಾಂತಿ ಎಂದು ಯಾವುದನ್ನು ಎಣಿಸಬೇಕು ಎಂಬುದು.

ಹೆಸರು ಮತ್ತು ಶ್ರೇಣಿ

ಉಗಿ ಎಂಜಿನ್ನುಗಳ ಕಾಲದಲ್ಲಿ ಎಂಜಿನ್ನಿನ ಮೇಲೆ ಡ್ರೈವರ್ ಮತ್ತು ಫೈರ್‌ಮನ್‌ಗಳು ಇರುತ್ತಿದ್ದರು. ಕಲ್ಲಿದ್ದಲನ್ನು ಸಲಿಕೆಯಿಂದ ಒಲೆಗೆ ತುಂಬುವುದು, ಉಗಿಯ ಒತ್ತಡವನ್ನು ಕಾಯ್ದುಕೊಳ್ಳುವುದು ಫೈರ್‌ಮನ್‌ನ ಕೆಲಸ. ಎಂಜಿನ್ ಒರೆಸುವ ಕೆಲಸಕ್ಕೆ ಸೇರಿದ ಹುಡುಗ ಫೈರ್‌ಮನ್ ಆಗಿ, ಕೊನೆಗೆ ಡ್ರೈವರ್ ಆಗುವ ಹೊತ್ತಿಗೆ ತಲೆ ನರೆತಿರುತ್ತಿತ್ತು. ಡೀಸೆಲ್ ಮತ್ತು ವಿದ್ಯುತ್ ಎಂಜಿನ್ನುಗಳು ಬಂದಮೇಲೆ ಫೈರ್‌ಮನ್ ಹುದ್ದೆ ಸಹಾಯಕ ಚಾಲಕನ ಹುದ್ದೆಯಾಯಿತು. ಮುಂದೆ 'ಡ್ರೈವರ್' ಎಂಬ ಹೆಸರಿನ ಬದಲು 'ಲೋಕೋ ಪೈಲಟ್' ಎಂಬ ಹೆಸರನ್ನು ರೈಲ್ವೆ ಬಳಕೆಗೆ ತಂದಿತು. 2022ರಲ್ಲಿ ಗಾರ್ಡ್ ಹುದ್ದೆಗೆ 'ಟ್ರೈನ್ ಮ್ಯಾನೇಜರ್' ಎಂದು ಹೆಸರಿಟ್ಟಿತು. ಊರಿನವರ ಮಾತಿನಲ್ಲಿ ಇಬ್ಬರೂ ಇಂದಿಗೂ ಡ್ರೈವರ್ ಮತ್ತು ಗಾರ್ಡೇ.

ಈಗ ಈ ವೃತ್ತಿಗೆ ಪ್ರವೇಶ ಸಹಾಯಕ ಲೋಕೋ ಪೈಲಟ್ ಹುದ್ದೆಯ ಮೂಲಕ. ಎಸ್.ಎಸ್.ಎಲ್.ಸಿ.ಯ ಜೊತೆಗೆ ಐ.ಟಿ.ಐ., ಅಥವಾ ಎಂಜಿನಿಯರಿಂಗ್ ಡಿಪ್ಲೊಮಾ ಇಲ್ಲವೆ ಪದವಿ ಪಡೆದವರು ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆಗೆ ಕೂರಬಹುದು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಬರೆಹದ ಪರೀಕ್ಷೆಯ ನಂತರ ಗಮನಶಕ್ತಿ ಮತ್ತು ಪ್ರತಿಕ್ರಿಯೆಯ ವೇಗವನ್ನು ಅಳೆಯುವ ಮನೋವೈಜ್ಞಾನಿಕ ಪರೀಕ್ಷೆ, ಅನಂತರ 'ಎ-1' ದರ್ಜೆಯ ವೈದ್ಯಕೀಯ ಪರೀಕ್ಷೆ ಇರುತ್ತವೆ. ಕನ್ನಡಕವಿಲ್ಲದೆ ದೂರದೃಷ್ಟಿ ಪೂರ್ಣವಾಗಿರಬೇಕು, ಬಣ್ಣಗಳನ್ನು ತಪ್ಪಿಲ್ಲದೆ ಗುರುತಿಸಬೇಕು. ಓದಿನಲ್ಲಿ ಮುಂದಿದ್ದು ಕಣ್ಣಿನ ಪರೀಕ್ಷೆಯಲ್ಲಿ ಹಿಂದುಳಿಯುವವರು ಪ್ರತಿ ಬಾರಿಯೂ ಇರುತ್ತಾರೆ. ಆದ್ದರಿಂದ ಅರ್ಜಿ ಹಾಕುವ ವಿದ್ಯಾರ್ಥಿಗಳು ಮೊದಲೇ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು. ಮೇಲಿನ ಶ್ರೇಣಿಗಳು ಕ್ರಮವಾಗಿ ಶಂಟಿಂಗ್, ಗೂಡ್ಸ್, ಪ್ಯಾಸೆಂಜರ್ ಮತ್ತು ಮೇಲ್/ಎಕ್ಸ್‌ಪ್ರೆಸ್ ಲೋಕೋ ಪೈಲಟ್. ಅದಕ್ಕೂ ಮೇಲೆ, ಚಾಲಕರ ಮೇಲ್ವಿಚಾರಣೆ ನಡೆಸುವ ಲೋಕೋ ಇನ್‌ಸ್ಪೆಕ್ಟರ್ ಹುದ್ದೆಯಿದೆ.

ತುಮಕೂರು ಮಾರ್ಗ

ಬೆಂಗಳೂರಿನಿಂದ ವಾಯವ್ಯಕ್ಕೆ ಹಾಕಿದ ಮೀಟರ್ ಗೇಜ್ ಹಳಿ 1884ರಲ್ಲಿ ತುಮಕೂರನ್ನು ತಲುಪಿತು. ಮೈಸೂರು ಸಂಸ್ಥಾನವು ತನ್ನ ರೈಲು ಮಾರ್ಗಗಳನ್ನು 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿತು. 1889ರ ಹೊತ್ತಿಗೆ ಈ ಹಳಿ ಹರಿಹರದವರೆಗೆ ಮುಂದುವರಿಯಿತು. 1990ರ ದಶಕದಲ್ಲಿ ಮಾರ್ಗವು ಬ್ರಾಡ್ ಗೇಜ್ ಆಯಿತು, ಮುಂದೆ ಜೋಡಿ ಹಳಿಯಾಯಿತು, ಅನಂತರ ವಿದ್ಯುದೀಕರಣಗೊಂಡಿತು. 2023ರ ಜೂನ್ 27ರಂದು ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಈ ಹಳಿಯ ಮೇಲೆಯೇ ಓಡುತ್ತದೆ. ತುಮಕೂರು ಜಿಲ್ಲೆಯೊಳಗೆ ಕ್ಯಾತಸಂದ್ರ, ತುಮಕೂರು, ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ತಿಪಟೂರು ಮೊದಲಾದ ನಿಲ್ದಾಣಗಳಿವೆ. ಕುಣಿಗಲ್ಲಿಗೆ ರೈಲು ಬಂದದ್ದು ತೀರ ಈಚೆಗೆ. ನೆಲಮಂಗಲ, ಕುಣಿಗಲ್, ಎಡಿಯೂರು, ಶ್ರವಣಬೆಳಗೊಳಗಳ ಮೂಲಕ ಬೆಂಗಳೂರು–ಹಾಸನ ನೇರ ಮಾರ್ಗವು 2017ರ ಮಾರ್ಚಿನಲ್ಲಿ ಪೂರ್ಣವಾಗಿ ತೆರೆಯಿತು.

ಚಾಲಕನ ದೃಷ್ಟಿಯಿಂದ ಈ ಎರಡು ಮಾರ್ಗಗಳು ಬೇರೆಬೇರೆ. ಕುಣಿಗಲ್ ಮಾರ್ಗ ಒಂಟಿ ಹಳಿಯದು. ಎದುರಿನ ಗಾಡಿ ಬರುವವರೆಗೆ ಯಾವುದಾದರೂ ನಿಲ್ದಾಣದಲ್ಲಿ ಕಾದು ನಿಲ್ಲಬೇಕು. ಗುಬ್ಬಿ ಕಡೆಯ ಜೋಡಿ ಹಳಿಯಲ್ಲಿ ಎದುರು ಗಾಡಿಯ ಕಾಯುವಿಕೆ ಇಲ್ಲವಾದರೂ, ಹಿಂದಿನಿಂದ ಬರುವ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಗೂಡ್ಸ್ ಗಾಡಿಯನ್ನು ಲೂಪ್ ಹಳಿಗೆ ತಿರುಗಿಸುತ್ತಾರೆ. ಸಂಪಿಗೆ ರೋಡ್‌ನಂತಹ ಸಣ್ಣ ನಿಲ್ದಾಣದಲ್ಲಿ ಗೂಡ್ಸ್ ಗಾಡಿ ಗಂಟೆಗಟ್ಟಲೆ ನಿಂತಿರುವುದನ್ನು ನೋಡಿದ ಪ್ರಯಾಣಿಕನಿಗೆ ಅದು ವಿರಾಮದಂತೆ ಕಾಣಬಹುದು. ಆದರೆ ಎಂಜಿನ್ನಿನಲ್ಲಿ ಕುಳಿತವರು ಸಿಗ್ನಲ್ಲಿನ ಮೇಲಿನ ಕಣ್ಣು ತೆಗೆಯುವಂತಿಲ್ಲ, ಗಾಡಿ ಬಿಟ್ಟು ಹೋಗುವಂತಿಲ್ಲ. ಮುಂದೆ ವಿವರಿಸಲಾಗುವ ಕೆಲಸದ ಅವಧಿಯ ವಿವಾದಕ್ಕೆ ಈ ನಿಂತ ಗಂಟೆಗಳೇ ದೊಡ್ಡ ಕಾರಣ.

ದಿನಚರಿ

ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಚಾಲಕರಿಗೆ 'ಲಿಂಕ್' ಎಂಬ ಪಾಳಿಪಟ್ಟಿ ಇರುತ್ತದೆ. ಯಾವ ದಿನ ಯಾವ ಗಾಡಿ ಎಂಬುದು ಬಹುಮಟ್ಟಿಗೆ ಮೊದಲೇ ಗೊತ್ತಿರುತ್ತದೆ. ಗೂಡ್ಸ್ ಚಾಲಕರಿಗೆ ಅಂತಹ ನಿಶ್ಚಿತ ಪಟ್ಟಿಯಿಲ್ಲ. ಕರೆ ಬಂದಾಗ ಹೊರಡಬೇಕು. ಹಿಂದೆ 'ಕಾಲ್ ಬಾಯ್' ಎಂಬ ನೌಕರ ಪುಸ್ತಕ ಹಿಡಿದು, ಅಪರಾತ್ರಿಯಲ್ಲಿ ಮನೆಯ ಬಾಗಿಲು ತಟ್ಟಿ ಸಹಿ ಹಾಕಿಸಿಕೊಳ್ಳುತ್ತಿದ್ದನು. ಈಗ ಆ ಕೆಲಸವನ್ನು ಮೊಬೈಲ್ ಮಾಡುತ್ತದೆ. ಹಬ್ಬ, ಮದುವೆ, ಮಕ್ಕಳ ಶಾಲೆಯ ಸಭೆ ಯಾವುದಕ್ಕೂ 'ಬರುತ್ತೇನೆ' ಎಂದು ಖಚಿತವಾಗಿ ಹೇಳಲಾಗದ ಬದುಕು ಇದು.

ಲಾಬಿ ಎಂದು ಕರೆಯುವ ಕಚೇರಿಯಲ್ಲಿ ಚಾಲಕನು 'ಸೈನ್ ಆನ್' ಮಾಡುತ್ತಾನೆ. ಮದ್ಯ ಸೇವಿಸಿಲ್ಲವೆಂದು ಖಚಿತಪಡಿಸಲು ಉಸಿರಿನ ಪರೀಕ್ಷೆ ಆಗುತ್ತದೆ. ದಾರಿಯಲ್ಲಿ ಎಲ್ಲೆಲ್ಲಿ ಹಳಿ ದುರಸ್ತಿ ನಡೆದಿದೆ, ಎಲ್ಲಿ ವೇಗ ತಗ್ಗಿಸಬೇಕು ಎಂದು ತಿಳಿಸುವ 'ಕಾಷನ್ ಆರ್ಡರ್' ಪಡೆಯಬೇಕು. ಗಾಡಿಯ ಬ್ರೇಕ್ ಶಕ್ತಿಯ ಪ್ರಮಾಣಪತ್ರ ನೋಡಿ, ಕೊನೆಯ ಬೋಗಿಯವರೆಗೆ ಬ್ರೇಕಿನ ಗಾಳಿ ತಲುಪುತ್ತಿದೆಯೇ ಎಂದು ಪರೀಕ್ಷಿಸಬೇಕು. ಓಡುವಾಗ ಪ್ರತಿಯೊಂದು ಸಿಗ್ನಲ್ಲಿನ ಬಣ್ಣವನ್ನೂ ಚಾಲಕ ಮತ್ತು ಸಹಾಯಕ ಇಬ್ಬರೂ ಕೈತೋರಿಸಿ ಗಟ್ಟಿಯಾಗಿ ಹೇಳಬೇಕೆಂಬುದು ನಿಯಮ. ಚಾಲಕನು ಒಂದು ನಿಮಿಷದಷ್ಟು ಕಾಲ ಯಾವ ಹಿಡಿಯನ್ನೂ ಗುಂಡಿಯನ್ನೂ ಮುಟ್ಟದಿದ್ದರೆ ಜಾಗೃತಿ ಉಪಕರಣವು ಮೊದಲು ದೀಪದಿಂದ, ಅನಂತರ ಸದ್ದಿನಿಂದ ಎಚ್ಚರಿಸುತ್ತದೆ. ಆಗಲೂ ಉತ್ತರ ಬಾರದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಹೊಸ ಮಾರ್ಗದಲ್ಲಿ ಗಾಡಿ ನಡೆಸುವ ಮೊದಲು ಆ ಮಾರ್ಗದ ಏರಿಳಿತ, ತಿರುವು, ಸಿಗ್ನಲ್ಲುಗಳ ಸ್ಥಾನ ಎಲ್ಲವನ್ನೂ ಬೇರೆ ಚಾಲಕರ ಜೊತೆ ಓಡಾಡಿ ಕಲಿಯಬೇಕು. ರಾತ್ರಿ, ಮಳೆ, ಮಂಜಿನಲ್ಲಿ ಈ ನೆನಪೇ ಅವನ ಕಣ್ಣು.

ಲೆವೆಲ್ ಕ್ರಾಸಿಂಗ್ ಸಮೀಪಿಸಿದಾಗ ಹಳಿಯ ಪಕ್ಕದಲ್ಲಿ ಹಳದಿ ಬಣ್ಣದ ಫಲಕ ಕಾಣಿಸುತ್ತದೆ. ಅಲ್ಲಿಂದ ಚಾಲಕನು ಸೀಟಿ ಹಾಕಲೇಬೇಕು. ತುಮಕೂರು ನಗರದ ಶೆಟ್ಟಿಹಳ್ಳಿಯಂತೆ ಹಳಿಯ ಅಕ್ಕಪಕ್ಕ ಮನೆಗಳು ಬೆಳೆದಿರುವ ಕಡೆ ರಾತ್ರಿಯ ಸೀಟಿ ನಿದ್ದೆ ಕೆಡಿಸುತ್ತದೆಂದು ಜನ ಗೊಣಗುವುದುಂಟು. ಆ ಸೀಟಿ ಹಾಕದೆ ಅಪಘಾತವಾದರೆ ಹೊಣೆ ಚಾಲಕನದು. ಭಾರ ತುಂಬಿದ ಗೂಡ್ಸ್ ಗಾಡಿ ವೇಗದಲ್ಲಿರುವಾಗ ತುರ್ತು ಬ್ರೇಕ್ ಹಾಕಿದರೂ ಪೂರ್ತಿ ನಿಲ್ಲಲು ಒಂದು ಕಿಲೋಮೀಟರಿನಷ್ಟು ದೂರ ಬೇಕಾಗಬಹುದು. ಹಳಿಯ ಮೇಲೆ ಮನುಷ್ಯನೋ ದನವೋ ಕಂಡಾಗ ಸೀಟಿ ಹಾಕಿ, ಬ್ರೇಕ್ ಒತ್ತಿ, ನೋಡುತ್ತ ಕೂರುವುದಷ್ಟೇ ಉಳಿಯುತ್ತದೆ. ಹಳಿಗೆ ತಲೆಯೊಡ್ಡುವವರ ಕೊನೆಯ ಕ್ಷಣಗಳಿಗೆ ಅನೇಕ ವೇಳೆ ಸಾಕ್ಷಿಯಾಗುವವನು ಚಾಲಕನೇ. ವರದಿ ಬರೆದುಕೊಟ್ಟು ಗಾಡಿಯನ್ನು ಮುಂದಕ್ಕೆ ಒಯ್ಯಬೇಕಾಗುವ ಈ ಅನುಭವದ ಬಗ್ಗೆ ಕನ್ನಡದಲ್ಲಿ ಬರೆಹ ಬಹಳ ಕಡಿಮೆ.

ಕೆಲಸ ಮುಗಿದ ಊರು ಸ್ವಂತ ಊರಲ್ಲದಿದ್ದರೆ 'ರನ್ನಿಂಗ್ ರೂಂ' ಎಂಬ ವಿಶ್ರಾಂತಿಗೃಹದಲ್ಲಿ ಮಲಗಿ, ಮತ್ತೊಂದು ಗಾಡಿ ಹಿಡಿದು ಹಿಂತಿರುಗಬೇಕು. ಬಟ್ಟೆಬರೆ, ನಿಯಮಪುಸ್ತಕ, ಕೆಂಪು–ಹಸಿರು ಬಾವುಟ, ಟಾರ್ಚ್ ಇತ್ಯಾದಿಗಳನ್ನಿಟ್ಟ 'ಲೈನ್ ಬಾಕ್ಸ್' ಎಂಬ ಕಬ್ಬಿಣದ ಪೆಟ್ಟಿಗೆ ಚಾಲಕನ ಗುರುತೇ ಆಗಿತ್ತು. ಈಚೆಗೆ ಅದರ ಬದಲು ಚಕ್ರವಿರುವ ಚೀಲಗಳು ಬರುತ್ತಿವೆ.

ಘಟ್ಟದ ಮಾರ್ಗಗಳು

ನೈಋತ್ಯ ರೈಲ್ವೆಯ ಎರಡು ಘಟ್ಟಗಳು ಚಾಲಕರಲ್ಲಿ ಹೆಸರಾಗಿವೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗಗಳಿವೆ. ಇಳಿಜಾರು 50 ಅಡಿಗೆ 1 ಅಡಿಯಂತೆ. ಕ್ಯಾಸಲ್ ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಬ್ರಗಾಂಜಾ ಘಟ್ಟದಲ್ಲಿ ಇಳಿಜಾರು ಇನ್ನೂ ಕಡಿದು, 37 ಅಡಿಗೆ 1 ಅಡಿ. ಏರುವಾಗ ಹೆಚ್ಚುವರಿ ಎಂಜಿನ್ನುಗಳು ಬೇಕು. ಇಳಿಯುವಾಗ ಬ್ರೇಕಿನ ಲೆಕ್ಕಾಚಾರ ತಪ್ಪಿದರೆ ಗಾಡಿ ಕೈಮೀರುತ್ತದೆ. ಈ ಮಾರ್ಗಗಳಿಗೆ ವಿಶೇಷ ತರಬೇತಿ ಪಡೆದ ಚಾಲಕರನ್ನೇ ಕಳುಹಿಸುತ್ತಾರೆ. ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯ ಬೇರೆ.

ಕೆಲಸದ ಅವಧಿ: ನಿಯಮ ಮತ್ತು ವಿವಾದ

ರೈಲ್ವೆ ನೌಕರರ ಕೆಲಸದ ಗಂಟೆಗಳಿಗೆ ಕಾನೂನಿನ ಮಿತಿ ಮೊದಲು ಬಂದದ್ದು 1930ರ ರೈಲ್ವೆ ಕಾಯ್ದೆ ತಿದ್ದುಪಡಿಯಿಂದ. ಈಗ ಜಾರಿಯಲ್ಲಿರುವುದು 2005ರ ನಿಯಮಗಳು. ಇವುಗಳ ಪ್ರಕಾರ ರನ್ನಿಂಗ್ ಸಿಬ್ಬಂದಿಯ ಕೆಲಸ ಎರಡು ವಾರಗಳಿಗೆ 104 ಗಂಟೆ. ಅದನ್ನು ಮೀರಿದರೆ ಹೆಚ್ಚುವರಿ ಭತ್ಯೆ. ಎಂಟು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಿ ಸ್ವಂತ ಠಾಣೆಗೆ ಮರಳಿದವರಿಗೆ 16 ಗಂಟೆ, ಅದಕ್ಕಿಂತ ಕಡಿಮೆ ಮಾಡಿದವರಿಗೆ 12 ಗಂಟೆ ವಿಶ್ರಾಂತಿ. ಇದಲ್ಲದೆ ತಿಂಗಳಿಗೆ ತಲಾ 30 ಗಂಟೆಗಳ ನಾಲ್ಕು, ಅಥವಾ ತಲಾ 22 ಗಂಟೆಗಳ ಐದು ನಿಯತಕಾಲಿಕ ವಿಶ್ರಾಂತಿಗಳು.

ವಿವಾದ ಹುಟ್ಟುವುದು ಎಣಿಕೆಯಲ್ಲಿ. 'ರನ್ನಿಂಗ್ ಡ್ಯೂಟಿ' ಎಂದರೆ ಗಾಡಿ ಹೊರಟಾಗಿನಿಂದ ಎಣಿಸಿದ ಸಮಯ. ಲಾಬಿಗೆ ಬಂದು ಸಹಿ ಹಾಕಿದ ಮೇಲೆ ಗಾಡಿ ಹೊರಡುವ ತನಕ ಕಾದ ಹೊತ್ತು ಆ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಸಹಿಯಿಂದ ಸಹಿಯವರೆಗಿನ ಒಟ್ಟು ಅವಧಿಗೇ ಮಿತಿ ಹಾಕಬೇಕೆಂಬುದು ಚಾಲಕರ ಹಳೆಯ ಬೇಡಿಕೆ. ಡಿ. ಪಿ. ತ್ರಿಪಾಠಿ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ 2013ರಲ್ಲಿ ವರದಿ ನೀಡಿತು. 2016ರಲ್ಲಿ ರೈಲ್ವೆ ಮಂಡಳಿಯು ಒಂದೇ ಸಲದ ರನ್ನಿಂಗ್ ಡ್ಯೂಟಿ ಸಾಮಾನ್ಯವಾಗಿ 9 ಗಂಟೆ ಮೀರಬಾರದು, ಒಟ್ಟು ಅವಧಿ 11 ಗಂಟೆಯೊಳಗಿರಬೇಕು ಎಂದು ಸೂಚಿಸಿತು. ಇಲ್ಲಿ 'ಸಾಮಾನ್ಯವಾಗಿ' ಎಂಬ ಪದಕ್ಕೆ ತೂಕ ಹೆಚ್ಚು. ವಿಶೇಷ ಸಂದರ್ಭಗಳಲ್ಲಿ ಅವಧಿಯನ್ನು ವಿಸ್ತರಿಸಲು ನಿಯಮವೇ ದಾರಿ ಕೊಡುತ್ತದೆ.

ವಾರದ ವಿಶ್ರಾಂತಿಯ ವಿವಾದವೂ ಇಂತಹುದೇ. 30 ಗಂಟೆಗಳ ವಿಶ್ರಾಂತಿಯೊಳಗೆ, ಪ್ರಯಾಣ ಮುಗಿಸಿ ಬಂದವರಿಗೆ ಹೇಗೂ ಸಲ್ಲಬೇಕಾದ 16 ಗಂಟೆಗಳು ಸೇರಿಹೋಗುತ್ತವೆ ಎಂಬುದು ಆಡಳಿತದ ಲೆಕ್ಕ. ಹಾಗಾದರೆ ವಾರದ ರಜೆಯೆಂದು ಹೆಚ್ಚಾಗಿ ದೊರೆತದ್ದು 14 ಗಂಟೆ ಮಾತ್ರ. ಎರಡನ್ನೂ ಕೂಡಿಸಿ 46 ಗಂಟೆ ಕೊಡಬೇಕು ಎಂಬುದು ಚಾಲಕರ ವಾದ. ಇದಕ್ಕೆ ಬೆಂಬಲವಾಗಿ ಅವರು ಬೆಂಗಳೂರಿನ ಕೇಂದ್ರ ಪ್ರಾದೇಶಿಕ ಕಾರ್ಮಿಕ ಆಯುಕ್ತರ ಆದೇಶವನ್ನು ಮುಂದಿಡುತ್ತಾರೆ. ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ನೆರವಾಗಬಹುದು. ಶನಿವಾರ ಮಧ್ಯಾಹ್ನ 12ಕ್ಕೆ ಬಿಟ್ಟ ಶಾಲೆ ಸೋಮವಾರ ಬೆಳಿಗ್ಗೆ 10ಕ್ಕೆ ತೆರೆದರೆ ನಡುವಿನ ಬಿಡುವು ಸರಿಯಾಗಿ 46 ಗಂಟೆ. ಚಾಲಕನೊಬ್ಬ ಸೋಮವಾರ ನಸುಕಿನ 2ಕ್ಕೆ ಮನೆಗೆ ಬಂದನೆನ್ನೋಣ. 30 ಗಂಟೆಗಳ ಲೆಕ್ಕದಲ್ಲಿ ಅವನು ಮಂಗಳವಾರ ಬೆಳಿಗ್ಗೆ 8ಕ್ಕೆ ಮತ್ತೆ ಸಿದ್ಧನಿರಬೇಕು. ಮೊದಲ ಹಗಲು ನಿದ್ದೆಗೆ ಹೋಗುತ್ತದೆ. ಮನೆಯವರ ಜೊತೆಗೆ ಸಿಗುವುದು ಒಂದು ಸಂಜೆ. 46 ಗಂಟೆಗಳಾದರೆ ಅವನಿಗೆ ಮಂಗಳವಾರದ ಮಧ್ಯರಾತ್ರಿಯವರೆಗೆ, ಎಂದರೆ ಒಂದು ಇಡೀ ಹಗಲು ಹೆಚ್ಚಾಗಿ ಸಿಗುತ್ತದೆ.

ಸತತ ರಾತ್ರಿ ಪಾಳಿಗಳು ಎರಡನ್ನು ಮೀರಬಾರದು, ಊರು ಬಿಟ್ಟವರನ್ನು ಬೇಗ ಊರಿಗೆ ಮರಳಿಸಬೇಕು ಎಂಬುವೂ ಬೇಡಿಕೆಗಳಲ್ಲಿವೆ. ಎಂಜಿನ್ನಿನಲ್ಲಿ ಶೌಚಾಲಯವಿಲ್ಲದಿರುವುದು ಇನ್ನೊಂದು. ಜೈವಿಕ ಶೌಚಾಲಯವಿರುವ ಮೊದಲ ಎಂಜಿನ್ 2016ರಲ್ಲಿ ಬಂದರೂ, ಹಳೆಯ ಎಂಜಿನ್ನುಗಳಲ್ಲಿ ಆ ಅನುಕೂಲವಿಲ್ಲ. ಮಹಿಳಾ ಚಾಲಕರಿಗೆ ಇದು ದೊಡ್ಡ ತೊಂದರೆ. ಮಹಾರಾಷ್ಟ್ರದ ಸುರೇಖಾ ಯಾದವ್ 1989ರಲ್ಲಿ ಈ ವೃತ್ತಿಗೆ ಸೇರಿ ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎನಿಸಿದರು. 36 ವರ್ಷಗಳ ಸೇವೆಯ ನಂತರ 2025ರಲ್ಲಿ ನಿವೃತ್ತರಾದರು. ಅವರು ಸೇರಿದಾಗ ಇದ್ದ ಈ ಪ್ರಶ್ನೆ ಅವರು ನಿವೃತ್ತರಾಗುವಾಗಲೂ ಪೂರ್ಣವಾಗಿ ಬಗೆಹರಿದಿರಲಿಲ್ಲ. ಊಟಕ್ಕೂ ಶೌಚಕ್ಕೂ ನಿಗದಿತ ವಿರಾಮ ಕೊಡಬೇಕೆಂಬ ಬೇಡಿಕೆ ಕಾರ್ಯಸಾಧ್ಯವಲ್ಲ ಎಂಬ ಸಮಿತಿಯ ಅಭಿಪ್ರಾಯವನ್ನು ರೈಲ್ವೆ ಮಂಡಳಿ 2025ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡಿತು.

ವೇತನ

ಸಹಾಯಕ ಲೋಕೋ ಪೈಲಟ್‌ನ ಆರಂಭಿಕ ಮೂಲವೇತನ ಏಳನೆಯ ವೇತನ ಆಯೋಗದ ಪ್ರಕಾರ 19,900 ರೂಪಾಯಿ. ಇದಲ್ಲದೆ ಓಡಿಸಿದ ಕಿಲೋಮೀಟರುಗಳ ಲೆಕ್ಕದಲ್ಲಿ ರನ್ನಿಂಗ್ ಭತ್ಯೆ ದೊರೆಯುತ್ತದೆ. ಈ ಭತ್ಯೆಯ ಒಂದು ಭಾಗವನ್ನು ವೇತನವೆಂದೇ ಪರಿಗಣಿಸುವ ಪದ್ಧತಿಯಿದೆ: ಸೇವೆಯಲ್ಲಿರುವಾಗ ಕೆಲವು ಉದ್ದೇಶಗಳಿಗೆ ಮೂಲವೇತನದ ಶೇ. 30, ನಿವೃತ್ತಿವೇತನದ ಲೆಕ್ಕಕ್ಕೆ ಶೇ. 55.

ಸಂಘಟನೆ ಮತ್ತು ಮುಷ್ಕರಗಳು

ರೈಲ್ವೆಯ ಎಲ್ಲ ವರ್ಗಗಳ ನೌಕರರನ್ನು ಒಳಗೊಂಡ ಅಖಿಲ ಭಾರತ ರೈಲ್ವೆಮೆನ್ಸ್ ಫೆಡರೇಷನ್ 1924ರಲ್ಲಿ ಸ್ಥಾಪನೆಯಾಯಿತು. ನೈಋತ್ಯ ರೈಲ್ವೆ ಮಜ್ದೂರ್ ಯೂನಿಯನ್ ಇದಕ್ಕೆ ಸಂಯೋಜಿತವಾದ ಸಂಘ. ಯಾವ ಸಂಘಕ್ಕೆ ಮಾನ್ಯತೆ ಎಂಬುದನ್ನು ನೌಕರರ ಗುಪ್ತ ಮತದಾನದಿಂದ ನಿರ್ಧರಿಸುವ ಪದ್ಧತಿ 2007ರಲ್ಲಿ ಬಂತು. ಮುಂದಿನ ಮತದಾನಗಳು 2013ರಲ್ಲಿ ಹಾಗೂ 2024ರ ಡಿಸೆಂಬರ್‌ನಲ್ಲಿ ನಡೆದವು.

ಎಲ್ಲರನ್ನೂ ಪ್ರತಿನಿಧಿಸುವ ಸಂಘಗಳಲ್ಲಿ ತಮ್ಮ ವಿಶೇಷ ಕಷ್ಟಗಳಿಗೆ ಜಾಗ ಸಾಲದೆಂದು ಭಾವಿಸಿದ ಚಾಲಕರು 1970ರಲ್ಲಿ ಅಖಿಲ ಭಾರತ ಲೋಕೋ ರನ್ನಿಂಗ್ ಸ್ಟಾಫ್ ಅಸೋಸಿಯೇಷನ್ ಕಟ್ಟಿಕೊಂಡರು. ಉಗಿ ಎಂಜಿನ್ನಿನ ಮೇಲೆ 14–16 ಗಂಟೆ ನಿಲ್ಲಬೇಕಾಗುತ್ತಿದ್ದ ಕಾಲವದು. ಮೂರು ವರ್ಷಗಳಲ್ಲಿಯೇ, 1973ರ ಮೇ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಈ ಸಂಘ ದೇಶದ ರೈಲುಗಳನ್ನು ನಿಲ್ಲಿಸಿತು. ಆಗಸ್ಟ್ ಮುಷ್ಕರದ ಕೊನೆಗೆ, ಅಂದಿನ ರೈಲ್ವೆ ಸಚಿವ ಎಲ್. ಎನ್. ಮಿಶ್ರಾ ಅವರು ಸಹಿಯಿಂದ ಸಹಿಯವರೆಗೆ 10 ಗಂಟೆಗಳ ಮಿತಿಯನ್ನು ಒಪ್ಪಿದರು. ಚಾಲಕರ ಸಂಘಟನೆಯ ಇತಿಹಾಸದಲ್ಲಿ ಇದು ಅತಿ ದೊಡ್ಡ ಗೆಲುವು. ಆದರೆ ಒಪ್ಪಂದ ಪೂರ್ಣವಾಗಿ ಜಾರಿಗೆ ಬರಲಿಲ್ಲ; ಇಂದಿಗೂ ಚಾಲಕರ ಮನವಿಪತ್ರಗಳಲ್ಲಿ ಅದರ ಉಲ್ಲೇಖ ಕಾಣುತ್ತದೆ.

ಮರುವರ್ಷದ ಸಾರ್ವತ್ರಿಕ ಮುಷ್ಕರದ ನಾಯಕ ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬೆಂಗಳೂರಿನ ಸೆಮಿನರಿಯಲ್ಲಿ ಪಾದ್ರಿಯಾಗಲು ಓದುತ್ತಿದ್ದವರು ಅದನ್ನು ಬಿಟ್ಟು ಮುಂಬಯಿಗೆ ಹೋಗಿ ಕಾರ್ಮಿಕ ನಾಯಕರಾದರು. 1973ರಲ್ಲಿ ರೈಲ್ವೆಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾದರು. ಚಾಲಕರ ಸಂಘವೂ ಸೇರಿ ಹಲವು ಸಂಘಗಳು ಒಂದೇ ಸಮನ್ವಯ ಸಮಿತಿಯಡಿ ಬಂದವು. ಬೋನಸ್, ಎಂಟು ಗಂಟೆಗಳ ಕೆಲಸ, ಸಾರ್ವಜನಿಕ ಉದ್ಯಮಗಳ ನೌಕರರಿಗೆ ಸಮನಾದ ವೇತನ ಮುಖ್ಯ ಬೇಡಿಕೆಗಳು. ಮೇ 2ರಂದು ಫರ್ನಾಂಡಿಸ್ ಅವರನ್ನು ಲಖನೌದಲ್ಲಿ ಬಂಧಿಸಲಾಯಿತು. ಆದರೂ 1974ರ ಮೇ 8ರಂದು ಮುಷ್ಕರ ಆರಂಭವಾಗಿ 27ರವರೆಗೆ ನಡೆಯಿತು. ಸುಮಾರು 17 ಲಕ್ಷ ನೌಕರರು ಭಾಗವಹಿಸಿದರೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಸಾವಿರಾರು ಜನರ ಬಂಧನವಾಯಿತು. ಪ್ರಾದೇಶಿಕ ಸೇನೆಯವರಿಂದ ಗಾಡಿಗಳನ್ನು ಓಡಿಸಲು ಯತ್ನಿಸಲಾಯಿತು. ರೈಲ್ವೆ ವಸತಿಗೃಹಗಳಿಂದ ಸಂಸಾರಗಳನ್ನು ಹೊರಹಾಕಿದ ಘಟನೆಗಳೂ ನಡೆದವು. ಮುಷ್ಕರ ಬೇಡಿಕೆ ಈಡೇರದೆ ಮುಗಿಯಿತು. 1977ರಲ್ಲಿ ಜನತಾ ಸರ್ಕಾರ ಬಂದಮೇಲೆ, ಮಧು ದಂಡವತೆ ರೈಲ್ವೆ ಸಚಿವರಾಗಿದ್ದಾಗ, ವಜಾಗೊಂಡವರನ್ನು ಮರಳಿ ತೆಗೆದುಕೊಳ್ಳಲಾಯಿತು. 1989ರ ಡಿಸೆಂಬರ್‌ನಲ್ಲಿ ಫರ್ನಾಂಡಿಸ್ ತಾವೇ ರೈಲ್ವೆ ಸಚಿವರಾದರು.

1981ರ ಲೋಕೋ ಸಿಬ್ಬಂದಿಯ ಮುಷ್ಕರ ಅಷ್ಟು ಪ್ರಸಿದ್ಧವಲ್ಲ. ಚಾಲಕರ ಪಾಲಿಗೆ ಮಾತ್ರ ಅದರ ಪೆಟ್ಟು 1974ರದಕ್ಕಿಂತ ದೀರ್ಘವಾದುದು. ಅನೇಕರನ್ನು ಶಿಸ್ತು ನಿಯಮಗಳ 14(2)ನೆಯ ನಿಯಮದಡಿ, ವಿಚಾರಣೆಯೇ ಇಲ್ಲದೆ ವಜಾ ಮಾಡಲಾಯಿತು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ತುಳಸೀರಾಮ್ ಪಟೇಲ್ ಪ್ರಕರಣದಲ್ಲಿ ಇಂತಹ ಅಧಿಕಾರವನ್ನು ಎತ್ತಿಹಿಡಿಯಿತು. ಕೊನೆಗೆ 1993ರಲ್ಲಿ ಅದೇ ನ್ಯಾಯಾಲಯವು 1981ರ ಮುಷ್ಕರಕ್ಕಾಗಿ ಹೀಗೆ ವಜಾಗೊಂಡವರನ್ನು ಮರಳಿ ಸೇವೆಗೆ ತೆಗೆದುಕೊಳ್ಳಬೇಕು, ಮೂರು ವರ್ಷಗಳ ಸಂಬಳಕ್ಕೆ ಸಮನಾದ ಪರಿಹಾರ ಕೊಡಬೇಕು ಎಂದು ಆದೇಶಿಸಿತು. ಅಷ್ಟರಲ್ಲಿ ಹನ್ನೆರಡು ವರ್ಷಗಳು ಕಳೆದಿದ್ದವು.

ಆ ಬಳಿಕ ಚಾಲಕರು ಗಾಡಿ ನಿಲ್ಲಿಸುವ ಮುಷ್ಕರಕ್ಕಿಂತ ಬೇರೆ ಮಾರ್ಗಗಳನ್ನು ಹೆಚ್ಚಾಗಿ ಹಿಡಿದಿದ್ದಾರೆ. 2024ರ ಜೂನ್‌ನಲ್ಲಿ ದಕ್ಷಿಣ ರೈಲ್ವೆಯ ಚಾಲಕರು 46 ಗಂಟೆಗಳ ವಿಶ್ರಾಂತಿಯನ್ನು ತಾವಾಗಿಯೇ ತೆಗೆದುಕೊಳ್ಳುವ ಚಳವಳಿ ಹೂಡಿದರು. 2025ರ ಫೆಬ್ರವರಿಯಲ್ಲಿ ದೇಶದ ಹಲವೆಡೆ 36 ಗಂಟೆಗಳ ಉಪವಾಸ ನಡೆಯಿತು. ಉಪವಾಸನಿರತರು ಗಾಡಿಗಳನ್ನು ಓಡಿಸುತ್ತಲೇ ಇದ್ದರು.

ಅಪಘಾತಗಳು ಮತ್ತು ಹೊಣೆ

ಕೆಂಪು ಸಿಗ್ನಲ್ ದಾಟುವುದು ಚಾಲಕನ ವೃತ್ತಿಯಲ್ಲಿ ಅತಿ ಗಂಭೀರವಾದ ತಪ್ಪು. ಅಪಘಾತವಾಗದಿದ್ದರೂ ಕೆಲಸ ಹೋಗಬಹುದು. ತಪ್ಪಿನ ಹಿಂದೆ ನಿದ್ದೆಯ ಕೊರತೆಯೋ ಸಿಬ್ಬಂದಿಯ ಅಭಾವವೋ ಇದ್ದಿರಬಹುದಾದರೂ ಶಿಕ್ಷೆ ವ್ಯಕ್ತಿಗೆ ಮಾತ್ರ ಎಂಬುದು ಸಂಘಗಳ ದೂರು. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾಣಿ ಬಳಿ ಗೂಡ್ಸ್ ಗಾಡಿಯೊಂದು ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಗುದ್ದಿದಾಗ, ಮೃತಪಟ್ಟ ಚಾಲಕನದೇ ತಪ್ಪೆಂದು ಮೊದಲ ದಿನವೇ ಹೇಳಲಾಯಿತು. ಸಿಗ್ನಲ್ ಕೆಟ್ಟಿದ್ದ ಆ ಹಾದಿಯಲ್ಲಿ ಚಾಲಕರಿಗೆ ಕೊಟ್ಟ ಅನುಮತಿಪತ್ರಗಳೇ ಸರಿಯಿರಲಿಲ್ಲ ಎಂಬುದನ್ನು ಸುರಕ್ಷತಾ ಆಯುಕ್ತರ ತನಿಖೆ ತೋರಿಸಿತು. ಆ ಅಪಘಾತದ ಬೆನ್ನಲ್ಲೇ ಅದೇ ವರ್ಷ ಸಹಾಯಕ ಲೋಕೋ ಪೈಲಟ್ ನೇಮಕಾತಿಯ ಹುದ್ದೆಗಳ ಸಂಖ್ಯೆ 5,696ರಿಂದ 18,799ಕ್ಕೆ ಏರಿತು. ಕೆಂಪು ದಾಟುವ ಮೊದಲೇ ಗಾಡಿಯನ್ನು ತಾನಾಗಿ ನಿಲ್ಲಿಸುವ 'ಕವಚ್' ವ್ಯವಸ್ಥೆಯನ್ನು ಮೊದಲು ದಕ್ಷಿಣ ಮಧ್ಯ ರೈಲ್ವೆಯಲ್ಲಿ ಅಳವಡಿಸಲಾಯಿತು. ಉಳಿದ ವಲಯಗಳಿಗೆ ಅದನ್ನು ಹಂತಹಂತವಾಗಿ ವಿಸ್ತರಿಸಲಾಗುತ್ತಿದೆ.